ಕುರ್ಚಿ ಸಮೇತ ಮಾರಾಟಕ್ಕೆ

ಬುಡಾಪೆಸ್ಟ್ ನಗರದ ವಾದಾಸ್ ಬೀದಿಯ ನಿವಾಸಿ, ನಿವೃತ್ತ ಕಚೇರಿ ಮೇಲ್ವಿಚಾರಕ ಸಲೋಕಿ ವೆಂಡೆಲ್ ಅವರನ್ನು ಕಳೆದ ಮೇ ತಿಂಗಳ ಒಂದು ಶುಕ್ರವಾರ ಸಂಜೆ, ಅವರ ಸ್ವಂತ ಮನೆಯ ಮುಂದಿನ ಪಾದಚಾರಿ ಮಾರ್ಗದ ಮೇಲೆ, ಜಾರಿಯಲ್ಲಿರುವ ನಿಯಮಗಳ ಪ್ರಕಾರ ವಿಧಿವತ್ತಾಗಿ ವಿಸರ್ಜಿಸಲಾಯಿತು. ಈ ಕುರಿತು ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ವೆಂಡೆಲ್ ಅವರಿಂದಲೂ ಬಂದಿಲ್ಲ, ಏಕೆಂದರೆ ನಿಯಮಗಳನ್ನು ಬರೆದವರು ಅವರೇ.

ಆ ಊರಿನಲ್ಲಿ ಪ್ರತಿ ವಾರ್ಡಿಗೂ ವರ್ಷಕ್ಕೊಂದು ದಿನ ಗೊತ್ತುಮಾಡಲಾಗುತ್ತದೆ. ಕಡತಗಳಲ್ಲಿ ಅದರ ಹೆಸರು ‘ಗೃಹ ನಿರುಪಯುಕ್ತ ವಸ್ತುಗಳ ಸಾರ್ವಜನಿಕ ವಿಸರ್ಜನಾ ದಿನ’. ಜನ ಮಾತ್ರ ಲೊಮ್ ಎನ್ನುತ್ತಾರೆ. ಅಂದು ಮಧ್ಯಾಹ್ನದಿಂದ ಮನೆಮನೆಯವರೂ ಕಾಲು ಮುರಿದ ಮಂಚ, ಬಾಗಿಲು ನಿಲ್ಲದ ಬೀರು, ಊದಿಕೊಂಡ ಹಾಸಿಗೆ, ಯಾರೋ ಮದುವೆಗೆ ಕೊಟ್ಟಿದ್ದ ದೀಪ, ಹೀಗೆ ವರ್ಷವಿಡೀ ನೆಂಟರಿಂದ ಮುಚ್ಚಿಟ್ಟದ್ದನ್ನೆಲ್ಲ ತಂದು ಬೀದಿಗೆ ಕಾಣುವಂತೆ ಬಾಗಿಲ ಮುಂದೆ ಗುಡ್ಡೆ ಹಾಕುತ್ತಾರೆ. ಮರುದಿನ ಲಾರಿ ಬಂದು ಇದನ್ನು ಹೊತ್ತೊಯ್ಯುತ್ತದೆ ಎಂಬುದು ಕಚೇರಿಯ ನಂಬಿಕೆ. ಲಾರಿಗೆ ಸಿಗುವುದು ಆ ಊದಿಕೊಂಡ ಹಾಸಿಗೆ ಮಾತ್ರ. ಉಳಿದದ್ದು ಅಷ್ಟರಲ್ಲಿ ವ್ಯಾನು, ತಳ್ಳುಗಾಡಿ, ಮಗುವಿಲ್ಲದ ಮಗುಗಾಡಿಗಳನ್ನು ಏರಿ ಊರಾಚೆಯ ಹಳೆಸಂತೆಯ ದಾರಿ ಹಿಡಿದಿರುತ್ತದೆ.

ಈ ವ್ಯಾಪಾರಕ್ಕೆ ಒಂದು ಕಟ್ಟುಪಾಡಿದೆ. ಗುಡ್ಡೆಯೊಳಗೆ ಮೊದಲು ಯಾರು ಹೋಗಿ ಕೂರುತ್ತಾರೋ ಆ ಗುಡ್ಡೆ ಅವರದು. ಕೂತವರನ್ನು ಯಾರೂ ಏಳಿಸುವುದಿಲ್ಲ, ಅವರ ಅಪ್ಪಣೆಯಿಲ್ಲದೆ ಒಂದು ಚಮಚವನ್ನೂ ಎತ್ತುವುದಿಲ್ಲ. ಚುನಾವಣೆಯ ಫಲಿತಾಂಶವನ್ನು ಒಪ್ಪದವರೂ ಇದನ್ನು ಒಪ್ಪುತ್ತಾರೆ.

ವೆಂಡೆಲ್ ಅವರು ವಾರ್ಡ್ ಕಚೇರಿಯ ನೈರ್ಮಲ್ಯ ಶಾಖೆಯಲ್ಲಿ ತಮ್ಮ ಇಡೀ ಸೇವಾವಧಿಯನ್ನು ಈ ವ್ಯಾಪಾರವನ್ನು ನಿಷೇಧಿಸುವುದರಲ್ಲೇ ಕಳೆದರು. ಪ್ರತಿ ವಸಂತದಲ್ಲೂ ಅವರ ಕರಡಿನಂತೆ ಒಂದು ಪ್ರಕಟಣೆ ಹೊರಡುತ್ತಿತ್ತು: ‘ವಿಸರ್ಜಿತ ವಸ್ತುಗಳನ್ನು ಆಯುವುದು, ಆಯಿಸುವುದು ಹಾಗೂ ಆಯುವವರನ್ನು ನೋಡಿಯೂ ಸುಮ್ಮನಿರುವುದು ನಿಷಿದ್ಧ.’ ಜನ ಅದನ್ನು ಪೂರ್ತಿ ಓದಿ, ಗೋಡೆಯಿಂದ ಜೋಪಾನವಾಗಿ ಬಿಡಿಸಿ, ಆಯ್ದ ಪಿಂಗಾಣಿ ಲೋಟಗಳನ್ನು ಅದರಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಕಚೇರಿಯ ಕಾಗದ ಒಳ್ಳೆಯ ದಪ್ಪವಿತ್ತು.

ನಿವೃತ್ತಿ ಹತ್ತಿರವಾದಾಗ ವೆಂಡೆಲ್ ಅವರಿಗೆ ಜ್ಞಾನೋದಯವಾಯಿತು. ನಿಷೇಧದಿಂದ ಕಚೇರಿಗೆ ಕವಡೆಕಾಸೂ ಹುಟ್ಟುವುದಿಲ್ಲ. ಆದ್ದರಿಂದ ನಿಲ್ಲಿಸಲಾಗದ್ದಕ್ಕೆ ಶುಲ್ಕ ವಿಧಿಸಬೇಕೆಂದು ಅವರು ಹೊಸ ನಿಯಮಾವಳಿ ಬರೆದರು. ಗುಡ್ಡೆಯಲ್ಲಿ ಕೂರುವವರು ಅಂದಿನಿಂದ ‘ಅಧಿಕೃತ ಗುಡ್ಡೆಪಾಲಕರು’ ಆದರು. ಗುಡ್ಡೆಯ ಸುತ್ತ ಸೀಮೆಸುಣ್ಣದ ಗೆರೆ ಬಂತು. ಒಳಗಿನ ಸಾಮಾನಿಗೆ ಚಿಕ್ಕದು, ಮಧ್ಯಮ, ದೊಡ್ಡದು ಎಂದು ದರ ಬಂತು. ನಿಯಮಾವಳಿಯ ಮುಕುಟಮಣಿ ಒಂಬತ್ತನೇ ಕಲಮು: ‘ಸಂಜೆ ಆರು ಗಂಟೆಗೆ ಗೆರೆಯೊಳಗಿರುವ ಪ್ರತಿಯೊಂದನ್ನೂ, ಅದು ಯಾವ ಮನೆಯ ಮುಂದಿದೆಯೋ ಆ ಮನೆಯವರು ವಿಸರ್ಜಿಸಿದ ವಸ್ತುವೆಂದು ಭಾವಿಸತಕ್ಕದ್ದು.’ ಮೊದಲ ಕರಡಿನಲ್ಲಿ ‘ನಿರ್ಜೀವವಾದ ಪ್ರತಿಯೊಂದನ್ನೂ’ ಎಂದಿತ್ತು. ಆಮೇಲೆ ಒಬ್ಬ ಗುಡ್ಡೆಪಾಲಕ ತನ್ನ ಗುಡ್ಡೆಯ ರಬ್ಬರ್ ಗಿಡ ಇನ್ನೂ ಜೀವಂತವಾಗಿದೆ, ಬೇಕಾದರೆ ಹೊಸ ಎಲೆ ನೋಡಿ ಎಂದು ಶುಲ್ಕ ಕಟ್ಟಲು ನಿರಾಕರಿಸಿದ. ವೆಂಡೆಲ್ ಅವರು ಕೆಂಪು ಪೆನ್ಸಿಲಿನಿಂದ ‘ನಿರ್ಜೀವವಾದ’ ಎಂಬುದನ್ನು ಹೊಡೆದುಹಾಕಿದರು. ಉಪಮೇಯರು ಖುದ್ದಾಗಿ ಬೆನ್ನು ತಟ್ಟಿದರು.

ನಿವೃತ್ತಿಯಾದ ವಾರವೇ ವೆಂಡೆಲ್ ಅವರು ಪಕ್ಕದ ವಾರ್ಡಿನ ಒಂದು ಗುಡ್ಡೆಯಲ್ಲಿ ಹೋಗಿ ಕೂತರು.

ಇದನ್ನು ವ್ಯಾಪಾರವೆಂದು ಕರೆದರೆ ಅವರಿಗೆ ನೋವಾಗುತ್ತಿತ್ತು. ತಾವು ಮಾಡುತ್ತಿರುವುದು ರಕ್ಷಣೆ ಎನ್ನುತ್ತಿದ್ದರು. ರಕ್ಷಿಸಿದ್ದನ್ನು ಶನಿವಾರದ ಹಳೆಸಂತೆಯಲ್ಲಿ ಮಾರುವಾಗ ಪ್ರತಿ ಸಾಮಾನಿಗೂ ಒಬ್ಬ ಕೌಂಟ್‌ನನ್ನು, ಅಂದರೆ ಹಳೆಯ ಕಾಲದ ಒಬ್ಬ ಭಾರಿ ಜಮೀನ್ದಾರನನ್ನು, ಗಂಟುಹಾಕುತ್ತಿದ್ದರು. ಈ ಮೇಜಿನ ಮೇಲೆ ಒಬ್ಬ ಕೌಂಟ್ ಉಂಡಿದ್ದ, ಆ ಕುರ್ಚಿಯಲ್ಲಿ ಇನ್ನೊಬ್ಬ ಕೂತಿದ್ದ. ಅವರು ಮಾರಿದ ಕುರ್ಚಿಗಳ ಲೆಕ್ಕ ನೋಡಿದರೆ ಹಂಗೆರಿಯ ಕೌಂಟ್‌ಗಳಿಗೆ ಎದ್ದು ನಿಲ್ಲಲು ಪುರುಸೊತ್ತೇ ಇದ್ದಿರಲಾರದು.

ಕಷ್ಟವೇನೆಂದರೆ, ವೆಂಡೆಲ್ ಅವರು ರಕ್ಷಿಸಿದ ವೇಗದಲ್ಲಿ ಜನ ಕೊಳ್ಳಲಿಲ್ಲ. ಮನೆ ತುಂಬಿತು. ನಡುಮನೆಯಲ್ಲಿ ಅಡ್ಡಡ್ಡ ನಡೆಯಬೇಕಾಯಿತು. ಸ್ನಾನದ ತೊಟ್ಟಿಯಲ್ಲಿ ಹೊಲಿಗೆಯಂತ್ರಗಳ ಕಬ್ಬಿಣದ ಕಾಲುಗಳು ಬಂದು ನಿಂತವು. ಅವರ ಹೆಂಡತಿ ಗಿಜೆಲ್ಲಾ ಬಿಸಿನೀರ ಬುಗ್ಗೆಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗತೊಡಗಿದರು. ಮಂಡಿನೋವಿಗೆ ಒಳ್ಳೆಯದು ಅಂತ ಹೋಗ್ತಾಳೆ ಎಂದು ವೆಂಡೆಲ್ ನೆರೆಯವರಿಗೆ ಹೇಳಿದರು. ಗಿಜೆಲ್ಲಾ ಅವರ ಮಂಡಿ ಕಲ್ಲಿನಷ್ಟು ಗಟ್ಟಿ. ಅವರು ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ನಿಂತೇ ಜೀವನ ಸವೆಸಿದವರು, ಯಾರ ಸಬೂಬನ್ನೂ ಕಿವಿಗೆ ಹಾಕಿಕೊಂಡವರಲ್ಲ. ಗಂಡನ ಸಬೂಬುಗಳನ್ನು ಮಾತ್ರ ಅದುವರೆಗೆ ಹೇಗೋ ಸಹಿಸಿಕೊಂಡಿದ್ದರು.

ಸಹನೆಯ ಕಟ್ಟೆ ಒಡೆದದ್ದು ಹಸಿರು ಮಖಮಲ್ಲಿನ ಆರಾಮಕುರ್ಚಿಯಿಂದ. ಅದಕ್ಕೆ ಮೂರು ಸಿಂಹದ ಕಾಲುಗಳಿದ್ದವು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ವೆಂಡೆಲ್ ಅವರು ಅದನ್ನು ಅಡುಗೆಮನೆಯಲ್ಲಿ, ಊಟದ ಮೇಜಿಗೂ ಒಲೆಗೂ ನಡುವೆ ತುರುಕಿದ್ದರಿಂದ ಗಿಜೆಲ್ಲಾ ನಿಂತುಕೊಂಡು ಊಟಮಾಡುವಂತಾಯಿತು.

“ವೆಂಡಿ, ಈ ಕುರ್ಚಿ ಹೋಗ್ಬೇಕು,” ಎಂದರು ಗಿಜೆಲ್ಲಾ.

“ಅದು ಕೌಂಟ್ ಕೂತ ಕುರ್ಚಿ ಗಿಜಿ.”

“ಕೌಂಟ್ ಎದ್ದು ಹೋಗಿ ಎಷ್ಟೋ ಕಾಲ ಆಯ್ತು. ಈಗ ಕುರ್ಚಿ ಹೋಗ್ಲಿ.”

ವಾದಾಸ್ ಬೀದಿಯ ಲೊಮ್ ಬಂದ ಶುಕ್ರವಾರ ವೆಂಡೆಲ್ ಅವರು ಊಟ ಮುಗಿಸಿ ಸುತ್ತಲಿನ ಬೀದಿಗಳ ಗುಡ್ಡೆ ನೋಡಲು ಹೊರಟರು. ಅವರು ತಿರುವು ದಾಟಿದ ಕೂಡಲೇ ಗಿಜೆಲ್ಲಾ ಕಟ್ಟಡದ ಕಾವಲುಗಾರನ ಕೈಲಿ ಹಸಿರು ಕುರ್ಚಿಯನ್ನು ಕೆಳಗಿಳಿಸಿದರು. ವೆಂಡೆಲ್ ಅವರು ಹಿಂದಿರುಗಿದಾಗ ಸ್ವಂತ ಬಾಗಿಲ ಮುಂದಿನ ಗುಡ್ಡೆಯ ನಟ್ಟನಡುವೆ ಕುರ್ಚಿ ರಾಜಗಾಂಭೀರ್ಯದಿಂದ ಕೂತಿತ್ತು. ಪಕ್ಕದಲ್ಲಿ ಮಡಚುವ ಸ್ಟೂಲಿನ ಮೇಲೆ ಬೋರಿ ಕೂತಿದ್ದರು. ಬೋರಿ ಈ ಕಸುಬಿನ ಹಳೆಯ ಹುಲಿ, ಸ್ವಂತ ವ್ಯಾನಿನ ಒಡತಿ, ಆ ಇಡೀ ಬೀದಿಯ ಗುಡ್ಡೆಗಳಿಗೆ ಶುಲ್ಕ ಕಟ್ಟಿ ರಸೀತಿ ಪಡೆದವರು.

“ಬೋರಿಯಮ್ಮ, ಆ ಕುರ್ಚಿ ನಂದು,” ಎಂದರು ವೆಂಡೆಲ್.

“ಮೇಲಿದ್ದಾಗ ನಿಮ್ಮದು ವೆಂಡೆಲಣ್ಣ. ಕೆಳಗೆ ಬಂದ್ಮೇಲೆ ನಂದು. ಬೇಕಾದ್ರೆ ಕೊಂಡ್ಕೊಳಿ, ನಿಮಗೆ ಇಲ್ಲ ಅಂತೀನಾ?”

“ಎಷ್ಟು?”

ಬೋರಿ ಬೆಲೆ ಹೇಳಿದರು.

“ಮುರುಕಲು ಕುರ್ಚಿಗೆ ಅಷ್ಟಾ? ಒಂದು ಕಾಲು ಇಟ್ಟಿಗೆದು.”

“ಅಯ್ಯೋ, ನೀವೇ ಅಲ್ವಾ ಸಂತೇಲೆಲ್ಲ ಹೇಳ್ಕೊಂಡು ಬಂದಿದ್ದು, ಕೌಂಟ್ ಕೂತಿದ್ದ ಅಂತ? ನಾನು ಕೌಂಟ್‌ಗೆ ಬೆಲೆ ಕಟ್ಟಿದೀನಿ. ಇಟ್ಟಿಗೆ ಪುಕ್ಕಟೆ.”

ತಮ್ಮ ಸುಳ್ಳನ್ನು ತಾವೇ ದುಡ್ಡು ಕೊಟ್ಟು ಕೊಳ್ಳುವುದು ಯಾವ ವ್ಯಾಪಾರಿಗೂ ಶೋಭೆಯಲ್ಲ. ವೆಂಡೆಲ್ ಅವರು ಗುಡ್ಡೆಯೊಳಗೆ ನಡೆದು ಆ ಕುರ್ಚಿಯಲ್ಲಿ ಕೂತುಬಿಟ್ಟರು. ಕೂತವರನ್ನು ಯಾರೂ ಏಳಿಸುವುದಿಲ್ಲ ಎಂಬ ಕಟ್ಟುಪಾಡನ್ನು ಅವರು ನಂಬಿದ್ದರು. ಮೊದಲು ಕೂತವರದು ಎಂಬ ಅದರ ಇನ್ನರ್ಧ ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಇದು ತತ್ವದ ಪ್ರಶ್ನೆ ಎಂದು ತಮಗೆ ತಾವೇ ಹೇಳಿಕೊಂಡರು. ಒಳಗೊಳಗೆ ಅವರಿಗೂ ಗೊತ್ತಿತ್ತು, ತತ್ವಕ್ಕಿಂತ ಆ ಕುರ್ಚಿಯಿಂದ ಬರಬಹುದಾದ ಲಾಭವೇ ಅವರನ್ನು ಹಿಡಿದು ಕೂರಿಸಿತ್ತು.

ಆರು ಗಂಟೆಗೆ ಸ್ವಲ್ಪ ಮುಂಚೆ ಸೀಮೆಸುಣ್ಣ ಹಿಡಿದು ಬೋಟೋಂಡ್ ಬಂದರು. ಇವರು ವೆಂಡೆಲ್ ಅವರ ಜಾಗಕ್ಕೆ ಬಂದ ತರುಣ ಅಧಿಕಾರಿ, ವಿನಯವಂತರು, ಹಿಂದಿನವರ ಕರಡುಗಳನ್ನು ಬಾಯಿಪಾಠ ಮಾಡಿದವರು.

“ಸರ್, ಗೆರೆ ಎಳೀಬೇಕು. ತಾವು ಒಂಚೂರು ಎದ್ರೆ ಅನುಕೂಲ.”

“ಎದ್ರೆ ಕುರ್ಚಿ ಯಾರದಾಗುತ್ತೆ?”

“ಬೋರಿಯಮ್ಮನದು ಸರ್.”

“ಏಳದಿದ್ರೆ?”

ಬೋಟೋಂಡ್ ಸ್ವಲ್ಪ ಹೊತ್ತು ಯೋಚಿಸಿದರು. “ಆಗ್ಲೂ ಬೋರಿಯಮ್ಮನದೇ ಸರ್. ತಾವೂ ಅವರದೇ ಆಗ್ತೀರಿ.”

“ಯಾವ ಕಲಮಿನ ಪ್ರಕಾರ?”

“ಒಂಬತ್ತನೇದು ಸರ್. ತಮ್ಮದೇ.”

ವೆಂಡೆಲ್ ಅವರು ಕಣ್ಣುಮುಚ್ಚಿ ಒಂಬತ್ತನೇ ಕಲಮನ್ನು ಮನಸ್ಸಿನಲ್ಲೇ ಓದಿಕೊಂಡರು. ಎಲ್ಲಾದರೂ ನುಸುಳಲು ಸಂದಿಯಿದೆಯೇ ಎಂದು ಹುಡುಕಿದರು. ಒಂದು ಇರುವೆ ಹೋಗುವಷ್ಟೂ ಸಂದಿಯಿರಲಿಲ್ಲ. ತಮ್ಮ ಕರಡಿನ ಬಗ್ಗೆ ಅವರಿಗೆ ಯಾವತ್ತೂ ಅಷ್ಟು ಹೆಮ್ಮೆಯಾಗಿರಲಿಲ್ಲ.

“ಮನೆಯವರು ಆರು ಗಂಟೆಯೊಳಗೆ ವಾಪಸ್ ತಗೋಬಹುದು ಸರ್, ಅದಕ್ಕೆ ಅವಕಾಶ ಇದೆ,” ಎಂದು ಬೋಟೋಂಡ್ ಬಾಗಿಲ ಬಳಿಯ ಕರೆಗುಂಡಿ ಒತ್ತಿದರು. ಗುಂಡಿಯ ಕೆಳಗಿನ ಜಾಲರಿಯಿಂದ, ಮೇಲೆ ಮನೆಯಲ್ಲಿದ್ದ ಗಿಜೆಲ್ಲಾ ಅವರ ದನಿ ಬಂತು.

“ಅಮ್ಮ, ವಾರ್ಡ್ ಕಚೇರಿಯಿಂದ. ನಿಮ್ಮ ಯಜಮಾನರು ಹಸಿರು ಕುರ್ಚಿಯಲ್ಲಿ ಕೂತಿದ್ದಾರೆ, ಏಳ್ತಾ ಇಲ್ಲ. ವಾಪಸ್ ತಗೋತೀರಾ?”

“ಅವನನ್ನ ತಗೋತೀನಿ. ಕುರ್ಚಿ ಬೇಡ.”

“ಹಾಗೆ ಬಿಡಿಸಿ ಕೊಡೋಕೆ ಬರಲ್ಲ ಅಮ್ಮ. ಒಂದಕ್ಕೊಂದು ಅಂಟಿಕೊಂಡಿರೋದನ್ನ ಸೆಟ್ ಅಂತ ಹಿಡೀತೀವಿ.”

ಗಿಜೆಲ್ಲಾ ಗಂಡನನ್ನೇ ಕೇಳಿದರು: “ವೆಂಡಿ, ಕೇಳಿಸ್ತಾ ಇದೆಯಾ? ಏಳ್ತೀಯಾ ಇಲ್ವಾ?”

“ಗಿಜಿ, ಬರೀ ಕೂತಿದ್ರೆ ಸಾಕು, ನಾಳೆ ಇದಕ್ಕೆ ಒಳ್ಳೆ ಬೆಲೆ ಬರುತ್ತೆ.”

“ಹಾಗಾದ್ರೆ ಕೂತಿರು. ನನಗೆ ಎರಡೂ ಬೇಡ.”

ಕರೆಗುಂಡಿಯ ದೀಪ ಆರಿತು. ಬೋಟೋಂಡ್ ಗೆರೆ ಎಳೆದು ಮುಗಿಸಿದರು. ಆಮೇಲೆ ಚೀಟಿ ಬರೆಯಲು ನಿಂತರು.

“ಸಾಮಾನಿನ ಸ್ಥಿತಿ ಬರೀಬೇಕು ಸರ್. ತಾವು ಬಳಕೆಯಲ್ಲಿ ಇದ್ದೀರಾ?”

“ನಿವೃತ್ತ.”

“‘ಬಳಕೆಯಲ್ಲಿಲ್ಲ’ ಅಂತ ಹಾಕ್ತೀನಿ. ತಪ್ಪು ತಿಳೀಬೇಡಿ.” ಬೋಟೋಂಡ್ ಚೀಟಿಯನ್ನು ವೆಂಡೆಲ್ ಅವರ ಕೋಟಿನ ಎದೆಯ ಮೇಲೆ ಅಂಟಿಸಿ, ಸುಕ್ಕಾಗದಂತೆ ಕೈಯಿಂದ ಒಮ್ಮೆ ಸವರಿದರು. ಅದರಲ್ಲಿ ‘ದೊಡ್ಡದು’ ಎಂದಿತ್ತು.

ದೊಡ್ಡ ಸಾಮಾನಿನ ದರ ಕಟ್ಟಬೇಕಾಗಿ ಬಂದದ್ದರಿಂದ ಬೋರಿ ಮುಖ ಸಿಂಡರಿಸಿದರು. ಆದರೂ ಹೆಂಗರುಳು, ಒಂದು ಕಂಬಳಿ ಹೊದಿಸಿದರು. ಬೆಳಿಗ್ಗೆ ಆಳುಗಳು ಬಂದು ಕುರ್ಚಿಯನ್ನು ವೆಂಡೆಲ್ ಸಮೇತ ಎತ್ತಿ ವ್ಯಾನಿಗೇರಿಸಿದರು. ಹೋಗುವ ದಾರಿಯಲ್ಲಿ ವೆಂಡೆಲ್ ಅವರಿಗೆ ಮೊದಲ ಸಲ ಅಳುಕಾಯಿತು.

“ಬೋರಿಯಮ್ಮ, ಹೋಗ್ಲಿ, ನೀವು ಹೇಳಿದ ಬೆಲೆಗೇ ತಗೋತೀನಿ. ಕುರ್ಚಿನೂ, ನನ್ನನ್ನೂ.”

“ಆಗಲ್ಲ ವೆಂಡೆಲಣ್ಣ. ರಸೀತಿ ಹಿಂದೆ ಅಚ್ಚು ಹಾಕಿದಾರೆ ನೋಡಿ.”

ಅಚ್ಚು ಹಾಕಿದ್ದರು: ‘ಮಾರುವವರು, ಕೊಳ್ಳುವವರು ಮತ್ತು ಮಾರಲ್ಪಡುವುದು, ಈ ಮೂರೂ ಬೇರೆ ಬೇರೆಯಾಗಿರತಕ್ಕದ್ದು.’ ಇದು ಹದಿನಾಲ್ಕನೇ ಕಲಮು. ವೆಂಡೆಲ್ ಅವರು ಅದನ್ನು ಬರೆದ ದಿನ ಗಿಜೆಲ್ಲಾ ಪ್ಲಮ್ ಹಣ್ಣಿನ ಕಡುಬು ಮಾಡಿದ್ದರು.

ಹಳೆಸಂತೆಯಲ್ಲಿ ಅವರನ್ನು ಸೋಡಾ ಬಾಟಲಿಗಳ ಸಾಲಿಗೂ ಮಳೆಬಿಸಿಲು ಹೇಳುವ ಒಂದು ಒಡೆದ ವಾಯುಭಾರಮಾಪಕಕ್ಕೂ ನಡುವೆ ಇಡಲಾಯಿತು. ಪರಿಚಯದ ವ್ಯಾಪಾರಿಗಳು ಬಂದು ನೋಡಿದರು. ಯಾರಿಗೂ ಅಚ್ಚರಿಯಾಗಲಿಲ್ಲ, ಎದೆಯ ಮೇಲೆ ಚೀಟಿಯಿತ್ತು, ಚೀಟಿಯ ಮೇಲೆ ಮೊಹರಿತ್ತು. ಒಬ್ಬ ಅವರ ಹಲ್ಲು ನೋಡಿ ತಲೆದೂಗಿದ. ಇನ್ನೊಬ್ಬ ಬೋರಿಯ ಕಿವಿಯಲ್ಲಿ, ನಮ್ಮ ಮನೇಲೂ ಇಂಥದ್ದು ಒಂದಿದೆ, ಹೇಗೆ ಹೋಗುತ್ತೆ ನೋಡಿ ಹೇಳು ಎಂದ.

ಹೋಗಲೇ ಇಲ್ಲ. ಸೋಡಾ ಬಾಟಲಿಗಳು ಹೋದವು. ಒಡೆದ ವಾಯುಭಾರಮಾಪಕವೂ ಹೋಯಿತು, ಕೊಂಡವನು ಅದು ಯಾವಾಗಲೂ ಬಿಸಿಲು ತೋರಿಸುತ್ತದೆಂದು ಖುಷಿಪಟ್ಟ. ಒಬ್ಬ ದಢೂತಿ ಗಿರಾಕಿ ಕುರ್ಚಿಯ ಸುತ್ತ ಎರಡು ಸುತ್ತು ಬಂದ.

“ಬರೀ ಕುರ್ಚಿ ಎಷ್ಟು?”

“ಬರೀ ಕುರ್ಚಿ ಇಲ್ಲ ಸ್ವಾಮಿ. ಸೆಟ್,” ಎಂದರು ಬೋರಿ.

“ಹಾಗಾದ್ರೆ ಬೇಡ ಬಿಡಿ. ಒಳ್ಳೆ ಕುರ್ಚಿ. ಹಾಳಾಯ್ತು.”

ವೆಂಡೆಲ್ ಅವರು ನೂರಾರು ಕುರ್ಚಿಗಳ ಊನ ಮುಚ್ಚಿ ಮಾರಿದವರು. ಹುಳು ತಿಂದ ತೂತಿಗೆ ಮೇಣ ಮೆತ್ತಿದ್ದರು, ಹರಿದ ಬಟ್ಟೆಗೆ ದಿಂಬು ಅಡ್ಡ ಇಟ್ಟಿದ್ದರು. ಈಗ ಒಂದು ಕುರ್ಚಿಯ ಊನ ತಾವೇ ಆಗಿದ್ದರು, ಮುಚ್ಚಲು ದಿಂಬು ಸಾಲುತ್ತಿರಲಿಲ್ಲ.

ಸುಮ್ಮನೆ ಕೂತರೆ ವ್ಯಾಪಾರವಾಗದೆಂದು ಅವರು ತಮ್ಮನ್ನು ತಾವೇ ಕೂಗಿ ಮಾರಲು ಶುರುಮಾಡಿದರು. “ಬನ್ನಿ, ನೋಡಿ. ಹಳೇ ಕಾಲದ ಗಟ್ಟಿ ಮಾಲು. ಓದು ಬರಹ ಬರುತ್ತೆ. ಸರ್ಕಾರಿ ಕಚೇರೀಲಿ ಒಂದೇ ಜಾಗದಲ್ಲಿ ಇದ್ದದ್ದು, ಹೆಚ್ಚು ಓಡಾಡಿಲ್ಲ, ಸವೆದಿಲ್ಲ.”

“ಕೌಂಟ್‌ನ ದೂರದ ಸಂಬಂಧಿ,” ಎಂದು ಬೋರಿ ಸೇರಿಸಿದರು.

“ಸುಳ್ಳು ಹೇಳ್ಬೇಡಿ ಬೋರಿಯಮ್ಮ.”

“ಹೋದ ವರ್ಷ ಮೂತ್ರದ ಡಬರಿಯನ್ನ ಕೌಂಟ್‌ನ ಸೂಪಿನ ಪಾತ್ರೆ ಅಂತ ಮಾರಿದ್ದು ಯಾರೋ?”

ವೆಂಡೆಲ್ ಅವರು ಮತ್ತೆ ಗಿರಾಕಿಗಳನ್ನು ಕೂಗತೊಡಗಿದರು.

ಹೊತ್ತು ನೆತ್ತಿಗೇರುವಾಗ ಗಿಜೆಲ್ಲಾ ಬಂದರು. ಕೈಯಲ್ಲಿ ಬೆಳ್ಳುಳ್ಳಿ ಸವರಿದ ಲಾಂಗೋಶ್ ಇತ್ತು, ನಮ್ಮ ಪೂರಿಯನ್ನು ದೊಡ್ಡದಾಗಿ ಊಹಿಸಿಕೊಂಡರೆ ಆಯಿತು. ಅವರು ನೇರ ಬರಲಿಲ್ಲ. ಮೊದಲು ಎದುರಿನ ಅಂಗಡಿಯ ಇಸ್ತ್ರಿಪೆಟ್ಟಿಗೆ ನೋಡಿದರು. ಆಮೇಲೆ ಪಕ್ಕದವರ ಜರಡಿ ನೋಡಿದರು. ಬೇಕಾದ ಸಾಮಾನಿನ ಕಡೆ ನೋಡಬಾರದು ಎಂಬುದು ಸಂತೆಯ ಮೊದಲ ಪಾಠ. ಅವಳು ನನ್ನ ಕಡೆ ನೋಡ್ತಾನೇ ಇಲ್ಲ ಎಂದು ವೆಂಡೆಲ್ ಅವರಿಗೆ ಸಂತೋಷವಾಯಿತು. ಬೇಡದ ಸಾಮಾನಿನ ಕಡೆಯೂ ಯಾರೂ ನೋಡುವುದಿಲ್ಲ ಎಂಬುದು ಮರುಕ್ಷಣ ನೆನಪಾಗಿ ಅಷ್ಟೇ ಭಯವಾಯಿತು.

“ಇದು ಎಷ್ಟು?” ಎಂದರು ಗಿಜೆಲ್ಲಾ ಕೊನೆಗೆ, ಲಾಂಗೋಶ್ ಹಿಡಿದ ಕೈಯಿಂದ ತೋರಿಸುತ್ತ.

ಬೋರಿ ಹೇಳಿದರು.

“ಇದಕ್ಕಾ? ಗೊರಕೆ ಹೊಡೆಯುತ್ತೆ.”

“ಎಲ್ಲಾನೂ ಸದ್ದು ಮಾಡುತ್ತೆ ಗಿಜಿಯಕ್ಕ, ಹಳೇದಾದ್ಮೇಲೆ.”

“ಮುಚ್ಚಳ ತೆಗೆದದ್ದನ್ನ ಮುಚ್ಚಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಕಲಮು ಹೇಳುತ್ತೆ. ಸ್ನಾನದ ತೊಟ್ಟೀಲಿ ಕಬ್ಬಿಣ ಇಡುತ್ತೆ. ನಾನು ನಿಂತ್ಕೊಂಡು ಊಟ ಮಾಡ್ತಿದ್ರೆ ಎದುರಿಗೆ ಕೂತ್ಕೊಂಡು ಇನ್ನೊಂಚೂರು ಉಪ್ಪು ಬೇಕಿತ್ತು ಅನ್ನುತ್ತೆ.” ಕೊನೆಯ ಮಾತು ಹೇಳುವಾಗ ಗಿಜೆಲ್ಲಾ ಅವರ ದನಿ ಸಂತೆಯ ದನಿಯಾಗಿರಲಿಲ್ಲ.

ವೆಂಡೆಲ್ ಅವರಿಗೆ ನಾಚಿಕೆಯಾಯಿತು. ಉಪ್ಪಿನ ಮಾತು ನಿಜ.

ಜನ ಸೇರಿದರು. ಅಷ್ಟು ಹೊತ್ತು ಯಾರೂ ತಿರುಗಿ ನೋಡದ ಸಾಮಾನನ್ನು ಒಬ್ಬ ಹೆಂಗಸು ಅಷ್ಟೊಂದು ಹಳಿಯಬೇಕಾದರೆ ಅದರಲ್ಲಿ ಏನೋ ಇರಲೇಬೇಕು. ಗುಂಪಿನಿಂದ ಔರೇಲಿಯಾ ಎಂಬುವವರು ಮುಂದೆ ಬಂದರು. ಪಿಯಾನೊ ಪಾಠ ಹೇಳಿ ನಿವೃತ್ತರಾದ ಒಂಟಿ ಹೆಂಗಸು, ತೆಳ್ಳಗಿನ ಕೈಗವಸು, ತಲೆಗೆ ಹ್ಯಾಟು. ಅವರು ಕನ್ನಡಕ ಏರಿಸಿ ಸೆಟ್ಟನ್ನು ಮೇಲಿಂದ ಕೆಳಗೆ ನೋಡಿದರು. ವೆಂಡೆಲ್ ಅವರು ಹೊಟ್ಟೆ ಒಳಗೆಳೆದುಕೊಂಡರು.

“ಬೇರೆ ಬೇರೆ ಕೊಡ್ತೀರಾ?” ಎಂದು ಔರೇಲಿಯಾ ಕೇಳಿದರು.

“ಮೊದಲ ಮಾರಾಟದಲ್ಲಿ ಇಲ್ಲಮ್ಮ. ನಿಯಮ.”

“ಹಾಗಾದ್ರೆ ಸೆಟ್ಟಿಗೇ ಹೇಳ್ತೀನಿ,” ಎಂದು ಔರೇಲಿಯಾ ಬೋರಿ ಹೇಳಿದ್ದಕ್ಕಿಂತ ಒಂದು ಸಾವಿರ ಫೋರಿಂಟ್ ಹೆಚ್ಚಿಗೆ ಕೂಗಿದರು.

ಕುರ್ಚಿಯಿಂದ ಬಿಡಿಸಿ ತಮ್ಮೊಬ್ಬರನ್ನೇ ಒಯ್ಯಲು ಒಬ್ಬ ಸುಸಂಸ್ಕೃತ ಮಹಿಳೆ ಸಿದ್ಧರಿದ್ದಾರೆಂದು ತಿಳಿದ ವೆಂಡೆಲ್ ಅವರು ಕಾಲರು ಸರಿಮಾಡಿಕೊಂಡರು. ಗಿಜೆಲ್ಲಾ ಉಳಿದ ಲಾಂಗೋಶನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟು ಇನ್ನೂ ಒಂದು ಸಾವಿರ ಏರಿಸಿದರು. ಔರೇಲಿಯಾ ಮತ್ತೆ ಏರಿಸಿದರು. ಗಿಜೆಲ್ಲಾ ಬಿಡಲಿಲ್ಲ. ಬೋರಿ ಇಬ್ಬರ ಮುಖವನ್ನೂ ನೋಡುತ್ತ, ಕೈಕಟ್ಟಿ ನಿಂತರು.

ಬೆಲೆ ಏರಿದಂತೆಲ್ಲ ವೆಂಡೆಲ್ ಅವರು ಕುರ್ಚಿಯಲ್ಲಿ ನೆಟ್ಟಗಾಗುತ್ತ ಹೋದರು. ಸೇವೆಯಲ್ಲಿದ್ದಾಗ ಬಡ್ತಿಗಾಗಿ ಕಾದಿದ್ದರು, ಬಂದಿರಲಿಲ್ಲ. ಈಗ ಎಲ್ಲ ಬಡ್ತಿಗಳೂ ಒಟ್ಟಿಗೇ ಬರುತ್ತಿದ್ದವು. ಗಿಜೆಲ್ಲಾ ಒಮ್ಮೆ ತಡವರಿಸಿದಾಗ ಅವರು, ನಾಚಿಕೆಯ ಮಾತು, ಔರೇಲಿಯಾ ಅವರ ಕಡೆ ಹುಬ್ಬು ಹಾರಿಸಿ ಹುರಿದುಂಬಿಸಿದರು ಕೂಡ.

ಆಗ ಗಿಜೆಲ್ಲಾ ಚೀಲದ ತಳಕ್ಕೆ ಕೈಹಾಕಿ ನೀಲಿ ಬಟ್ಟೆಯ ಗಂಟೊಂದನ್ನು ತೆಗೆದರು. ವೆಂಡೆಲ್ ಅವರ ಹುಬ್ಬು ಕೆಳಗಿಳಿಯಿತು. ಆ ಗಂಟು ಅವರಿಗೆ ಗೊತ್ತಿತ್ತು. ಅದು ಬಾಲಾಟನ್ ಸರೋವರದ ದುಡ್ಡು. ಮನೆ ಹೀಗೆ ತುಂಬುವ ಮೊದಲು ಇಬ್ಬರೂ ಪ್ರತಿ ಬೇಸಿಗೆಯಲ್ಲೂ ಅಲ್ಲಿಗೆ ಹೋಗಿ, ಸಂಜೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಆಮೇಲೆ ಹೋಗಿಯೇ ಇರಲಿಲ್ಲ. ಈ ವರ್ಷ ನಾನೊಬ್ಬಳೇ ಆದರೂ ಹೋಗುತ್ತೇನೆಂದು ಗಿಜೆಲ್ಲಾ ಚೂರುಚೂರೇ ಕೂಡಿಟ್ಟಿದ್ದರು.

ಗಿಜೆಲ್ಲಾ ಗಂಟು ಬಿಚ್ಚದೆ ಹಾಗೆಯೇ ಬೋರಿಯ ಮೇಜಿನ ಮೇಲಿಟ್ಟರು. “ಇಷ್ಟು,” ಎಂದರು.

ಔರೇಲಿಯಾ ಆ ಗಂಟಿನ ಗಾತ್ರ ನೋಡಿ ತಲೆಯಾಡಿಸಿ ಹಿಂದೆ ಸರಿದರು.

ಆಗಲೂ ವೆಂಡೆಲ್ ಅವರ ಬಾಯಿಂದ ಬಂದದ್ದು ಕಸುಬಿನ ಮಾತು.

“ಗಿಜಿ, ಬೇಡ. ತುಂಬಾ ಆಯ್ತು. ಈ ಬೆಲೆಗೆ ತಗೊಂಡ್ರೆ ಮುಂದೆ ಎಲ್ಲಿ ಮಾರಿದ್ರೂ ನನ್ನಿಂದ ಅಸಲೂ ಹುಟ್ಟಲ್ಲ.”

“ಮಾರೋಕೆ ಅಂತ ಯಾರು ತಗೋತಿದಾರೆ?” ಎಂದರು ಗಿಜೆಲ್ಲಾ.

ಸಾಮಾನನ್ನು ಮನೆಯಲ್ಲೇ ಇಟ್ಟುಕೊಳ್ಳಲೆಂದು ಕೊಳ್ಳುವವರೂ ಇರುತ್ತಾರೆ ಎಂಬುದು ವೆಂಡೆಲ್ ಅವರಿಗೆ ಮರೆತೇ ಹೋಗಿತ್ತು. ಅವರು ತಲೆ ತಗ್ಗಿಸಿ, ಎದೆಯ ಮೇಲಿನ ಚೀಟಿ ಒದ್ದೆಯಾಗುವಷ್ಟು ಅತ್ತರು. ವಾರ್ಡಿನ ಪಾಲು ವಸೂಲಿಗೆ ಬಂದಿದ್ದ ಬೋಟೋಂಡ್, ಮೊಹರು ಅಳಿಸಿಹೋದೀತೆಂದು ಓಡಿಬಂದು ಕರವಸ್ತ್ರ ಕೊಟ್ಟರು. ಆಮೇಲೆ ಬಿಲ್ಲು ಬರೆದರು: ‘ಸೆಟ್ ಒಂದು. ಕುರ್ಚಿ, ಹಸಿರು. ಕೂತವರು, ಒಬ್ಬರು. ಇದ್ದ ಸ್ಥಿತಿಯಲ್ಲಿ. ಮಾರಿದ ಮೇಲೆ ವಾಪಸಿಲ್ಲ.’

ಬಿಲ್ಲಿನ ಮಸಿ ಆರುವ ಮೊದಲೇ ಔರೇಲಿಯಾ ಗಿಜೆಲ್ಲಾ ಅವರ ತೋಳು ಮುಟ್ಟಿದರು.

“ನೋಡಿ, ಈಗ ನಿಮ್ಮ ಸ್ವತ್ತು, ಬೇರೆ ಬೇರೆ ಮಾಡಬಹುದಲ್ವಾ? ನನಗೆ ಬೇಕಿದ್ದದ್ದು ಬರೀ ಕುರ್ಚಿ. ಇದರ ಜೋಡಿ ನಮ್ಮನೇಲಿದೆ. ನಮ್ಮ ತಾತಂದು, ಮಾಂಸದ ಅಂಗಡೀಲಿ ಗಿರಾಕಿಗಳು ಕೂರ್ಲಿ ಅಂತ ಎರಡು ಮಾಡಿಸಿದ್ರು. ಈ ಯಜಮಾನರನ್ನ ಎಲ್ಲಿಡೋದು ಅಂತ ಯೋಚನೆ ಆಗಿ ಹಿಂದೆ ಸರಿದೆ ಅಷ್ಟೆ.”

ವೆಂಡೆಲ್ ಅವರು ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಬಿಟ್ಟರು.

ಗಿಜೆಲ್ಲಾ ಔರೇಲಿಯಾ ಅವರ ಮುಖ ನೋಡಿದರು, ಕುರ್ಚಿ ನೋಡಿದರು, ಸೆಟ್ಟಿಗೆ ಕೊಟ್ಟದ್ದಕ್ಕಿಂತ ಒಂದು ಲಾಂಗೋಶಿನಷ್ಟು ಹೆಚ್ಚಿಗೆ ಬೆಲೆ ಹೇಳಿದರು. ಔರೇಲಿಯಾ ಚೌಕಾಸಿ ಮಾಡದೆ ಎಣಿಸಿದರು. ಬೋರಿ ದೂರದಿಂದಲೇ ತಮ್ಮ ತಲೆಯ ವಸ್ತ್ರ ಸರಿಮಾಡಿಕೊಂಡು ಗಿಜೆಲ್ಲಾ ಅವರಿಗೆ ಗೌರವ ಸೂಚಿಸಿದರು. ವೆಂಡೆಲ್ ಅವರು ಕಸುಬಿಗೆ ಬಿದ್ದ ಮೇಲೆ ಅಂಥ ಲಾಭ ಒಂದು ದಿನವೂ ಮಾಡಿರಲಿಲ್ಲ. “ಏಳಪ್ಪ,” ಎಂದರು ಗಿಜೆಲ್ಲಾ. ವೆಂಡೆಲ್ ಅವರು ಎದ್ದರು.

ಸೋಮವಾರ ವಾರ್ಡ್ ಕಚೇರಿಯ ಪ್ರಕಟಣೆ ಹೊರಬಿತ್ತು: ‘ಇತ್ತೀಚಿನ ತೃಪ್ತಿಕರ ಅನುಭವದ ಹಿನ್ನೆಲೆಯಲ್ಲಿ, ದೊಡ್ಡ ಸಾಮಾನುಗಳ ದರಪಟ್ಟಿಯಲ್ಲಿ ಶೀತಲಪೆಟ್ಟಿಗೆ ಹಾಗೂ ಪಿಯಾನೊಗಳ ನಡುವೆ ‘ಗೃಹಸ್ಥರು’ ಎಂಬ ಸಾಲನ್ನು ಸೇರಿಸಲಾಗಿದೆ. ವಿಸರ್ಜಿಸುವ ಮುನ್ನ ಜೇಬುಗಳನ್ನು ಖಾಲಿ ಮಾಡತಕ್ಕದ್ದು.’ ನಾಗರಿಕರಿಂದ ಬಂದ ಪ್ರಶ್ನೆ ಒಂದೇ, ಮನೆಯೊಡತಿಯರಿಗೂ ಇದು ಅನ್ವಯಿಸುತ್ತದೆಯೇ ಎಂದು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಕಚೇರಿ ಅದೇ ದಿನ ಉತ್ತರಿಸಿತು. ಮುಂದಿನ ಲೊಮ್‌ಗೆ ಈಗಾಗಲೇ ಹಲವರು ಹೆಸರು ಕೊಟ್ಟಿದ್ದಾರೆ, ಕೆಲವರು ತಮ್ಮದೇ ಹೆಸರನ್ನು.

ಆದರೆ ಅದು ಸೋಮವಾರದ ಮಾತು. ಶನಿವಾರ ಗಂಡಹೆಂಡಿರು ಸಂತೆಯಿಂದ ಮನೆಗೆ ಟ್ರಾಮ್ ಹತ್ತಿದರು. ಅರವತ್ತೈದು ದಾಟಿದವರಿಗೆ ಟ್ರಾಮ್ ಪುಕ್ಕಟೆ. ತಪಾಸಣೆಯ ಹುಡುಗಿ ಬಂದಾಗ ವೆಂಡೆಲ್ ಅವರು ಗುರುತಿನ ಚೀಟಿಗೆ ಜೇಬು ತಡಕಿದರು. ಗಿಜೆಲ್ಲಾ ಗಂಡನ ಕೈ ತಡೆದು, ಕಾಸು ಕೊಟ್ಟು ಒಂದು ಲಗೇಜ್ ಟಿಕೆಟ್ ಕೇಳಿದರು.

“ಬಿಲ್ ಇದ್ಯಾ ಅಮ್ಮ?” ಎಂದಳು ಹುಡುಗಿ.

ಗಿಜೆಲ್ಲಾ ಬಿಲ್ಲು ತೋರಿಸಿದರು. ಹುಡುಗಿ ಓದಿ, ಟಿಕೆಟ್ ಹರಿದುಕೊಟ್ಟು, ಹಿಂಬಾಗಿಲ ಬಳಿ ಸೂಟ್‌ಕೇಸ್ ಇಡುವ ಜಾಗ ತೋರಿಸಿದಳು. ಅಲ್ಲಿದ್ದ ಒಬ್ಬ ಮುದುಕ ತನ್ನ ಸೈಕಲ್ಲನ್ನು ಸ್ವಲ್ಪ ಸರಿಸಿಕೊಂಡ. ವೆಂಡೆಲ್ ಅವರು ಹೋಗಿ ನಿಂತರು. ಗಿಜೆಲ್ಲಾ ಪಕ್ಕದ ಸೀಟಿನಲ್ಲಿ ಕೂತರು.

“ಗಿಜಿ,” ಎಂದರು ವೆಂಡೆಲ್ ಮೆಲ್ಲಗೆ, “ಆಯಮ್ಮಂಗೆ ಬೇಕಾಗಿದ್ದು ಕುರ್ಚಿ ಅಂತ ನಿಂಗೆ ಮೊದಲೇ ಗೊತ್ತಿತ್ತಾ?”

“ಇಲ್ಲ.”

“ಮತ್ತೆ ಆ ಗಂಟು?”

“ಬಾಲಾಟನ್ ಎಲ್ಲಿಗೂ ಓಡಿಹೋಗಲ್ಲ.” ಗಿಜೆಲ್ಲಾ ಬಿಲ್ಲನ್ನು ಎರಡು ಮಡಿಕೆ ಮಡಚಿ, ರವಿಕೆಯೊಳಗೆ ಸೇರಿಸಿಕೊಂಡರು.

“ಇನ್ನದು ಯಾಕೆ? ಬಿಸಾಕು. ವಾಪಸ್ ಹೇಗೂ ತಗೊಳಲ್ಲ ಅವರು.”

“ಇರ್ಲಿ,” ಎಂದರು ಗಿಜೆಲ್ಲಾ. “ನಾಳೆ ಯಾರಾದ್ರೂ ಬಂದು ಇವನು ನಮ್ಮೋನು ಅಂದ್ರೆ ತೋರಿಸ್ಬೇಕಲ್ಲ.”

ವೆಂಡೆಲ್ ಅವರಿಗೆ ಯಾವ ಕಲಮೂ ನೆನಪಾಗಲಿಲ್ಲ. ಇಳಿಯುವ ನಿಲ್ದಾಣ ಬರುವವರೆಗೆ ಅವರು ಸೈಕಲ್ಲಿನ ಪಕ್ಕದಲ್ಲಿ, ಹತ್ತಿಳಿಯುವವರಿಗೆ ಅಡ್ಡವಾಗದಂತೆ ನಿಂತಿದ್ದರು.